ಮನೆಗೆ ತರಬಾರದ ನೂಲಿನ ಲೆಕ್ಕ

ನಾಲ್ಕಿಂಚು ಉದ್ದ, ನಾಲ್ಕಿಂಚು ಅಗಲದ, ನೂಲಿನಲ್ಲಿ ಹೆಣೆದ ಹಸಿರು ಚೌಕವನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಐದು ಗ್ರಾಂ ಎಂದು ತೋರಿಸಿತು. ಎತ್ತಿ, ತಿರುವಿ, ಮತ್ತೆ ಇಟ್ಟೆ. ಐದೇ.

ಆ ತಕ್ಕಡಿಗೆ ದಶಮಾಂಶ ಗೊತ್ತಿಲ್ಲ. ಅದು ಐದು ಎಂದರೆ ನಾಲ್ಕೂವರೆಯಿಂದ ಐದೂವರೆಯವರೆಗೆ ಏನು ಬೇಕಾದರೂ ಇರಬಹುದು. ಸಾರಿನ ಪುಡಿಗೆ ಮೆಂತ್ಯ ತೂಗಲು ಅಷ್ಟು ಸಾಕು. ನನಗೆ ಸಾಲದು. ಆ ಚೌಕದ ತೂಕವನ್ನು ನಾನು ಅರವತ್ತೇಳೂವರೆಯಿಂದ ಗುಣಿಸಬೇಕಿತ್ತು. ಒಂದು ಗ್ರಾಮಿನ ಅನುಮಾನ ಗುಣಿಸಿದ ಮೇಲೆ ಮೂರು ಉಂಡೆ ನೂಲಿನಷ್ಟು ದೊಡ್ಡದಾಗುತ್ತಿತ್ತು.

"ಏನೇ ಅದು?" ಅಜ್ಜಿ ಬಾಗಿಲಲ್ಲಿ ನಿಂತಿದ್ದರು.

"ಲೋಟದ ಕೆಳಗಿಡೋಕೆ, ಅಜ್ಜಿ."

"ಲೋಟಕ್ಕೂ ಬಟ್ಟೆ ತೊಡಿಸ್ತೀರಾ ಈಗ?"

ನಾನು ಹೇಳಿದ್ದು ಸುಳ್ಳಲ್ಲ. ತೂಕದ ಕೆಲಸ ಮುಗಿದ ಮೇಲೆ ಅದನ್ನು ಲೋಟದ ಕೆಳಗೇ ಇಡಬೇಕೆಂದುಕೊಂಡಿದ್ದೆ. ಬೇರೆ ಯಾವುದಕ್ಕೂ ಅದನ್ನು ಬಳಸುವ ಹಾಗಿರಲಿಲ್ಲ. ಅದು ಆಗಲೇ ನಮ್ಮ ಮನೆಯೊಳಗೆ ಬಂದುಬಿಟ್ಟಿತ್ತು.

ನಮ್ಮ ಮನೆ ಇರುವುದು ಕೆ.ಆರ್. ಪುರದಲ್ಲಿ, ಹಿಂದೆ ನಮ್ಮದೇ ರಾಗಿ ಹೊಲವಿದ್ದ ಜಾಗದಲ್ಲಿ. ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆಯವರಿದ್ದಾರೆ. ಕೆಳಗೆ ಅಮ್ಮ, ಅಜ್ಜಿ ಮತ್ತು ನಾನು. ಆ ವರ್ಷ ಅಕ್ಕನೂ ಇದ್ದಳು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಹಲಸೂರಿನ ಗಂಡನ ಮನೆಯಿಂದ ಹೆರಿಗೆಗೆಂದು ಬಂದಿದ್ದಳು.

ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ತರಬಾರದು ಎಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ಅಕ್ಕ ಮೊದಲ ಸಲ ಬಸುರಿಯಾದಾಗ ಅದನ್ನು ಕೇಳಿ ನಾವಿಬ್ಬರೂ ನಕ್ಕಿದ್ದೆವು. ಅಕ್ಕ ಮತ್ತು ಭಾವ ಇಂದಿರಾನಗರದ ಅಂಗಡಿಯಿಂದ ಸೊಳ್ಳೆಪರದೆಯ ಪುಟ್ಟ ಹಾಸಿಗೆ, ಆರು ಅಂಗಿ, ಹಳದಿ ಟೋಪಿ ತಂದಿಟ್ಟಿದ್ದರು. ಆ ಮಗು ಆರನೇ ತಿಂಗಳಲ್ಲಿ ಹೋಯಿತು. ಅಕ್ಕ ಆಸ್ಪತ್ರೆಯಲ್ಲಿದ್ದಾಗಲೇ ಅಜ್ಜಿ ಹಲಸೂರಿಗೆ ಹೋಗಿ ಎಲ್ಲವನ್ನೂ ಕಟ್ಟಿ ಯಾರಿಗೋ ಕೊಟ್ಟು ಬಂದರು. ಯಾರಿಗೆ ಎಂದು ಅಕ್ಕ ಕೇಳಲಿಲ್ಲ. ಈ ಸಲ ಸೀಮಂತದ ಮರುದಿನವೇ ಅಜ್ಜಿ ಹೇಳಿದ್ದರು: "ಮಗು ಕೈಗೆ ಬರೋವರ್ಗೂ ಒಂದು ದಾರಾನೂ ಈ ಹೊಸ್ತಿಲು ದಾಟಬಾರದು." ಯಾರೂ ನಗಲಿಲ್ಲ.

ಆದರೆ ಅದಕ್ಕೂ ಮೊದಲೇ, ಫೋನಿನಲ್ಲಿ, ಅಕ್ಕ ನನ್ನನ್ನು ಒಂದು ಹೊದಿಕೆ ಕೇಳಿದ್ದಳು. ನಾನು ಎಂ.ಎಸ್ಸಿ. ಓದುವಾಗ ಕಾಕ್ಸ್ ಟೌನಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಕೆಳಗಿನ ಮನೆಯ ನಿವೃತ್ತ ಹೊಲಿಗೆ ಟೀಚರ್ ಒಬ್ಬರು ಅಲ್ಲಿ ನನಗೆ ಕ್ರೋಶಾ ಹೆಣಿಗೆ ಕಲಿಸಿದ್ದರು. ಒಂದು ಕಡ್ಡಿ, ಒಂದು ದಾರ, ಮಾತಾಡಬೇಕಾಗಿಲ್ಲ. ನನಗೆ ಹಿಡಿಸಿತ್ತು. ನಾಮಕರಣದ ದಿನ ತೊಟ್ಟಿಲಲ್ಲಿ ಮಗುವಿಗೆ ನಾನು ಹೆಣೆದದ್ದನ್ನೇ ಹೊದಿಸಬೇಕು ಎಂದಳು ಅಕ್ಕ. ಬಣ್ಣ ಹೊಂಗೆ ಚಿಗುರಿನದು.

ಆ ಬಣ್ಣ ಸಿಕ್ಕಿದ್ದು ಶಿವಾಜಿನಗರದ ಒಂದು ಅಂಗಡಿಯಲ್ಲಿ. ಎರಡು ಜನ ನಿಂತರೆ ಮೂರನೆಯವರು ಬೀದಿಯಲ್ಲಿ ಕಾಯಬೇಕಾದಷ್ಟು ಅಗಲದ ಅಂಗಡಿ. ನೂಲಿನ ಉಂಡೆಗಳು ಗೋಡೆಯ ತುಂಬ ಸೂರಿನವರೆಗೆ. ಅಂಗಡಿಯವರು ಬಿಳಿ ಗಡ್ಡದ ಹಿರಿಯರು. ಮನೆಯವರೊಡನೆ ಫೋನಿನಲ್ಲಿ ದಖ್ನಿ, ಪಕ್ಕದವರೊಡನೆ ತಮಿಳು, ನನ್ನೊಡನೆ ಕನ್ನಡ. ಹಸಿರು ಉಂಡೆಯೊಂದನ್ನು ಮುಂದಿಟ್ಟು ಅವರು ಮೊದಲು ಹೇಳಿದ್ದೇ ಇದು:

"ನೋಡಮ್ಮಾ, ತಗೊಂಡ್ರೆ ಒಂದೇ ಸಲ ತಗೋ. ಮುಂದಿನ್ ಸಲ ಚೀಟೀಲಿ ಇದೇ ನಂಬರ್ ಬರತ್ತೆ, ಇದೇ ಕಲರ್ ಬರಲ್ಲ. ಅರ್ಧ ಬ್ಲಾಂಕೆಟ್ ಚಿಗುರು, ಅರ್ಧ ಪಾಚಿ ಆಗ್ಬಿಡತ್ತೆ."

ಒಂದೇ ಸಲ ತೆಗೆದುಕೊಳ್ಳಬೇಕು. ಆದರೆ ಮನೆಗೆ ತರುವಂತಿಲ್ಲ. ಕಾರಣ ಹೇಳದೆ ದಾರಿ ಇರಲಿಲ್ಲ. ನನಗೆ ಇಂಥ ವಿಷಯ ಹೇಳಿ ಅಭ್ಯಾಸವಿಲ್ಲ. ಎರಡೇ ವಾಕ್ಯದಲ್ಲಿ ಹೇಳಿದೆ.

"ಅಷ್ಟೇನಾ?" ಎಂದರು ಅವರು. "ನಮ್ಮನೇಲೂ ಹಂಗೇನೇ. ಮಗು ಬಂದ್ಮೇಲೇನೇ ಎಲ್ಲಾ. ಎಷ್ಟ್ ಬೇಕು ಹೇಳು, ಎತ್ತಿಡ್ತೀನಿ. ಅಂಗಡೀಲಿದ್ರೆ ನನ್ ಮಾಲು, ನಿನ್ದಲ್ಲ."

ಎಷ್ಟು ಬೇಕು ಎಂದು ಹೇಳಲು ಮಾದರಿ ತುಣುಕು ಹೆಣೆದು ತೂಗಬೇಕು. ಅದಕ್ಕೆ ಒಂದು ಉಂಡೆಯನ್ನು ಕೊಂಡು, ಇದು ಲೋಟದ ಕೆಳಗಿಡುವುದಕ್ಕೆ ಎಂದು ಮನಸ್ಸಿನಲ್ಲಿ ಸ್ಪಷ್ಟವಾಗಿ ತೀರ್ಮಾನಿಸಿಕೊಂಡು, ಮನೆಗೆ ತಂದೆ. ಭಾನುವಾರ ಮಧ್ಯಾಹ್ನ ಅಜ್ಜಿ ಮಲಗಿದಾಗ ಕೋಣೆಯ ಬಾಗಿಲು ಹಾಕಿಕೊಂಡು ಚೌಕ ಹೆಣೆದೆ.

ನಾನು ಕೆಲಸ ಮಾಡುವುದು ಸಿ.ವಿ. ರಾಮನ್ ನಗರದ ಒಂದು ಲ್ಯಾಬಿನಲ್ಲಿ. ತಕ್ಕಡಿಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸುವುದೇ ಅಲ್ಲಿನ ಕೆಲಸ. ಕೂದಲೆಳೆಯನ್ನೂ ತೂಗುವ ಯಂತ್ರ ನನ್ನ ಮೇಜಿನ ಪಕ್ಕದಲ್ಲೇ ಇದೆ. ಆದರೆ ಹಸಿರು ಚೌಕವನ್ನು ಅಲ್ಲಿಗೆ ಒಯ್ಯಲಿಲ್ಲ. ಯಾರಾದರೂ ಏನದು ಎಂದು ಕೇಳುತ್ತಾರೆ, ಆಮೇಲೆ ಪ್ರತಿ ವಾರ ಅಕ್ಕ ಹೇಗಿದ್ದಾಳೆ ಎಂದೂ ಕೇಳುತ್ತಾರೆ. ಒಂದು ದಿನ ಉತ್ತರಿಸಲಾಗದೆ ಹೋದರೆ?

ಆದ್ದರಿಂದ ಕೆಲಸ ಮುಗಿಸಿ ಶಿವಾಜಿನಗರದ ಬಸ್ಸು ಹತ್ತಿದೆ. ನೂಲಿನಂಗಡಿಯವರಿಗೆ ನನ್ನ ಕಷ್ಟ ಒಂದೇ ಮಾತಿಗೆ ಅರ್ಥವಾಯಿತು. ಚೌಕವನ್ನು ಅಂಗೈಯಲ್ಲಿಟ್ಟುಕೊಂಡು ನೇರ ಪಕ್ಕದ ಬೆಳ್ಳಿ ಅಂಗಡಿಗೆ ನಡೆದರು. ಗಾಜಿನ ಪೆಟ್ಟಿಗೆಯೊಳಗೆ ಕಾಲ್ಗೆಜ್ಜೆ ತೂಗುವ ಪುಟ್ಟ ತಕ್ಕಡಿ. ಬೆಳ್ಳಿ ಅಂಗಡಿಯವರು ಕನ್ನಡಕ ಏರಿಸಿ ನೋಡಿದರು.

"ಐದು ಪಾಯಿಂಟ್ ಮೂರು ಎಂಟು. ಹಾಲ್‌ಮಾರ್ಕ್ ಹಾಕ್ಕೊಡ್ಲೇನಮ್ಮಾ?"

"ನಿನ್ ಬೆಳ್ಳೀಗಿಂತ ಪ್ಯೂರ್ ಇದೆ, ಸುಮ್ನೆ ತೂಗು," ಎಂದರು ನೂಲಿನಂಗಡಿಯವರು.

ಮೂವತ್ತು ಇಂಚು ಅಗಲ, ಮೂವತ್ತಾರು ಇಂಚು ಉದ್ದದ ಹೊದಿಕೆ ಎಂದರೆ ಅಂಥ ಅರವತ್ತೇಳೂವರೆ ಚೌಕ. ಅಂಚಿಗೆ, ಗಂಟಿಗೆ, ಬಿಚ್ಚಿ ಹೆಣೆಯುವುದಕ್ಕೆ ನೂರಕ್ಕೆ ಹತ್ತು ಸೇರಿಸಿದೆ. ಮುನ್ನೂರ ತೊಂಬತ್ತೊಂಬತ್ತೂವರೆ ಗ್ರಾಂ. ಉಂಡೆಗೆ ಇಪ್ಪತ್ತೈದು ಗ್ರಾಂ.

"ಹದಿನಾರು ಉಂಡೆ, ಅಂಕಲ್."

"ಹದಿನಾರಾ? ಇರೋದೆಲ್ಲ ಎತ್ತಿಡ್ತೀನಿ ಬಿಡು."

"ಬೇಡ, ಹದಿನಾರು ಸಾಕು. ಲೆಕ್ಕ ಹಾಕಿದೀನಿ."

ಅವರು ತಲೆಯಾಡಿಸಿ ಉಂಡೆಗಳನ್ನು ಚೀಲಕ್ಕೆ ತುಂಬಿ ಮೇಲಿನ ಅಟ್ಟಕ್ಕೆ ಹಾಕಿದರು. ನಾನು ಬರಿಗೈಯಲ್ಲಿ ಮನೆಗೆ ಬಂದೆ.

ಅಂದು ರಾತ್ರಿ ಅಕ್ಕನಿಗೆ ಲೆಕ್ಕ ತೋರಿಸಿದೆ. ತೋರಿಸಿ ಮುಗಿಸುವುದಷ್ಟೇ ನನ್ನ ಉದ್ದೇಶ. ಅವಳು ಮಂಚದ ಮೇಲೆ ಎಡಗಡೆಗೆ ಒರಗಿ ನೋಟ್‌ಬುಕ್ಕನ್ನು ಬಹಳ ಹೊತ್ತು ನೋಡಿದಳು. ಏಳನೇ ತಿಂಗಳಾದರೂ ಅವಳು ಮಗುವಿನ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಯಾರಾದರೂ ಕೇಳಿದರೆ "ನೋಡೋಣ" ಎನ್ನುತ್ತಿದ್ದಳು.

"ಮೂವತ್ತು ಇಂಚು ಅಂದ್ರೆ ಎಷ್ಟು, ತೋರ್ಸು."

ಟೇಪು ಹಿಡಿದು ಹಾಸಿಗೆಯ ಮೇಲೆ ತೋರಿಸಿದೆ.

"ಇಷ್ಟೇನಾ? ಕಾಲು ಚಾಚಿದ್ರೆ ಸಾಲತ್ತೇನೇ?"

ಯಾರ ಕಾಲು ಎಂದು ನಾನು ಕೇಳಲಿಲ್ಲ. ಮೂವತ್ತು ಇದ್ದದ್ದನ್ನು ಹೊಡೆದು ಹಾಕಿ ಮೂವತ್ತಾರು ಎಂದು ಬರೆದು ಮತ್ತೆ ಗುಣಿಸಿದೆ. ಇಪ್ಪತ್ತು ಉಂಡೆ.

ಹಾಗೆ ಶುರುವಾಯಿತು. ಕೆಲಸದಿಂದ ಬಂದು ಕಾಫಿ ಕುಡಿದ ಮೇಲೆ ನಾವು ಲೆಕ್ಕಕ್ಕೆ ಕೂರುತ್ತಿದ್ದೆವು. ಅಕ್ಕನಿಗೆ ಸುತ್ತ ಅಲೆಯಂಥ ಅಂಚು ಬೇಕು. ಅದಕ್ಕೆಷ್ಟು? ಬೇಡ, ನೇರ ಅಂಚೇ ಇರಲಿ. ಮಧ್ಯೆ ತೂತಿನ ವಿನ್ಯಾಸ ಹಾಕಿದರೆ ನೂಲು ಉಳಿಯುತ್ತದೆಯಲ್ಲ? ಉಳಿಯುತ್ತದೆ, ಆದರೆ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಪುಟ್ಟ ಬೆರಳು ಎಂದವಳು ನಾನೇ. ಅಕ್ಕ ತನ್ನ ಬೆರಳನ್ನು ನೋಡಿಕೊಂಡಳು. ತೂತಿನ ವಿನ್ಯಾಸ ಬೇಡವೆಂದಳು. ಮಗುವಿಗೆಂದು ಮನೆಯಲ್ಲಿ ಏನೂ ಇರಲಿಲ್ಲ, ಈ ಗುಣಾಕಾರದ ಹೊರತು. ನನಗೆ ನೆನಪಿರುವ ಮಟ್ಟಿಗೆ ಆ ವಾರಗಳಷ್ಟು ನೆಮ್ಮದಿಯ ಸಂಜೆಗಳು ನಮ್ಮಿಬ್ಬರಿಗೆ ಶಾಲೆಯ ದಿನಗಳ ನಂತರ ಸಿಕ್ಕಿರಲಿಲ್ಲ.

ಇಪ್ಪತ್ತು ಉಂಡೆ ಎಂದು ತಿಳಿಸಲು ಅಂಗಡಿಗೆ ಫೋನ್ ಮಾಡಿದೆ.

"ಹದಿನೆಂಟೇ ಇರೋದಮ್ಮಾ."

"ಹದಿನಾರಲ್ವಾ ಎತ್ತಿಟ್ಟಿದ್ದು?"

"ಹದಿನಾರು ಅಂದಿದ್ದು ನೀನು. ಹದಿನೆಂಟು ಇಟ್ಟಿದ್ದು ನಾನು. ಅದಕ್ಕಿಂತ ಒಂದೂ ಇಲ್ಲ."

ನಾನ್ನೂರ ಐವತ್ತು ಗ್ರಾಂ. ಇನ್ನು ಲೆಕ್ಕವನ್ನು ಹಿಂದಿನಿಂದ ಹಾಕಬೇಕಾಯಿತು. ಉದ್ದ ಮೂವತ್ತಾರೇ ಇಟ್ಟರೆ ಅಗಲ ಮೂವತ್ತಮೂರು ಬರುತ್ತದೆ. ಮೂವತ್ತನಾಲ್ಕಕ್ಕೆ ಸುಮಾರು ಮೂರು ಗ್ರಾಂ ಕಡಿಮೆ.

"ಮೂರು ಗ್ರಾಂಗೆ ಒಂದು ಇಂಚು ಕಿತ್ಕೋತೀಯಾ?" ಎಂದಳು ಅಕ್ಕ. "ನಿನ್ ಹತ್ರ ಆ ಬಿಚ್ಚಿದ ಉಂಡೇಲಿ ಇನ್ನೂ ಇಪ್ಪತ್ತು ಗ್ರಾಂ ಇದೆಯಲ್ಲೇ!"

"ಅದು ಮನೆಗೆ ಬಂದ್ಬಿಟ್ಟಿದೆ. ಲೆಕ್ಕಕ್ಕಿಲ್ಲ."

"ಅಜ್ಜಿಗಿಂತ ನೀನೇ ಹೆಚ್ಚು ಕಣೇ," ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಅಡುಗೆಮನೆಯವರೆಗೆ ಕೇಳಿಸಿರಬೇಕು.

ಎಂಟನೇ ತಿಂಗಳ ತಪಾಸಣೆಯಲ್ಲಿ ಅಕ್ಕನ ಬಿ.ಪಿ. ಹೆಚ್ಚಿತ್ತು. ಡಾಕ್ಟರು ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು, ಗಾಬರಿ ಏನಿಲ್ಲ, ಉಪ್ಪು ಕಡಿಮೆ ಮಾಡಿ, ಮಲಗಿಕೊಂಡಿರಿ ಎಂದು ಕಳಿಸಿದರು. ಮನೆಗೆ ಬಂದ ಸಂಜೆ ಅವಳಿಗೆ ಸಮಾಧಾನವಾಗಲಿ ಎಂದು ನಾನು ನೋಟ್‌ಬುಕ್ ತೆಗೆದೆ. ಅಜ್ಜಿ ಗಂಜಿ ತಂದಿಟ್ಟು, ನೋಟ್‌ಬುಕ್ ನೋಡಿ, ಸಿಟ್ಟಿಲ್ಲದ ದನಿಯಲ್ಲೇ ಕೇಳಿದರು:

"ತರೋದು ಮಾತ್ರ ತಯಾರಿನೇನೇ? ದಿನಾ ಕೂತ್ಕೊಂಡು ಅಳೆಯೋದು ತಯಾರಿ ಅಲ್ವಾ?"

ಅಳತೆಗೂ ರಕ್ತದೊತ್ತಡಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಪುಟ ಮುಚ್ಚಿದೆ. ಅಕ್ಕ ಗೋಡೆಯ ಕಡೆ ಹೊರಳಿದಳು.

"ಇನ್ನು ಲೆಕ್ಕ ಬೇಡ ಕಣೇ. ಎತ್ತಿಡು."

ನೋಟ್‌ಬುಕ್ಕನ್ನು ಬಟ್ಟೆಗಳ ಕೆಳಗೆ ಇಟ್ಟೆ. ಹನ್ನೆರಡು ದಿನ ಅದನ್ನು ಮುಟ್ಟಲಿಲ್ಲ. ಅಕ್ಕ ಮತ್ತೆ "ನೋಡೋಣ"ಕ್ಕೆ ಹಿಂದಿರುಗಿದಳು. ಭಾವ ಫೋನ್ ಮಾಡಿದರೆ ಹೂಂ, ಹಾಂ ಎರಡೇ ಮಾತು. ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತಿತ್ತು. ಮಲಗಿದಲ್ಲೇ ಛಾವಣಿ ನೋಡುತ್ತಿದ್ದಳು. ನಾನು ಕೆಲಸದಿಂದ ಬೇಗ ಬಂದರೂ ಅವಳ ಬಳಿ ಕೂತು ಆಡಲು ನನಗೆ ಬೇರೆ ಮಾತು ಬರುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಮಾತಾಡುತ್ತಿದ್ದುದು ಆ ಅಂಕಿಗಳೇ.

ಹದಿಮೂರನೆಯ ದಿನ ಶುಕ್ರವಾರ. ನಾನು ಬಂದಾಗ ಅಜ್ಜಿ ಅಕ್ಕನ ಕೋಣೆಯಲ್ಲೇ ಚಾಪೆ ಹಾಕಿ ಕನಕಾಂಬರ ಕಟ್ಟುತ್ತಿದ್ದರು. ಯಾವಾಗಲೂ ಅವರು ಹೂ ಕಟ್ಟುವುದು ಜಗಲಿಯಲ್ಲಿ.

"ಎಲ್ಲಿ ನಿನ್ ಲೋಟದ ಬಟ್ಟೆ? ತಗೊಂಡ್ ಬಾ."

ತಂದುಕೊಟ್ಟೆ. ಕಾಫಿಯ ಉಂಗುರ ಬಿದ್ದಿತ್ತು. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದರು. ಅದು ಹೆಚ್ಚು ಹಿಗ್ಗಲಿಲ್ಲ.

"ಕೂತ್ಕೋ. ಅರ್ಧ ಮೊಳ ಹೂ ಕಟ್ಟು."

ಕಟ್ಟಿದೆ. ಅಜ್ಜಿ ನನ್ನ ಹೂವನ್ನೂ ತಮ್ಮ ಹೂವನ್ನೂ ಪಕ್ಕಪಕ್ಕ ಹಿಡಿದರು. ಒಂದೇ ಉದ್ದ. ನನ್ನದರಲ್ಲಿ ಹೂ ಒಂದರ ಮೇಲೊಂದು ಇರುಕಿಕೊಂಡಿದ್ದವು. ಅಜ್ಜಿಯದರಲ್ಲಿ ಉಸಿರಾಡುವಷ್ಟು ಜಾಗವಿತ್ತು.

"ನೋಡ್ದಾ? ಬಿಗಿ ಕೈಯೋರು ಕಟ್ಟಿದ್ರೆ ಮೊಳಕ್ಕೆ ಹೂ ಜಾಸ್ತಿ ಹಿಡಿಯುತ್ತೆ. ಇದನ್ನ ಹೆಣೀವಾಗ ಎಲ್ಲಿ ಕೂತಿದ್ದೆ?"

"ಕೋಣೇಲಿ."

"ಬಾಗ್ಲು ಹಾಕ್ಕೊಂಡಿದ್ದೆ. ಅಜ್ಜಿ ಎದ್ಬಿಟ್ರೆ ಅಂತ ಹೆದರ್ಕೊಂಡು ಹೆಣ್ದಿದೀಯ. ನಾನೇನು ನಿದ್ದೆ ಮಾಡ್ತಿದ್ದೆ ಅನ್ಕೊಂಡ್ಯಾ?"

ನಾನು ತಲೆ ತಗ್ಗಿಸಿದೆ. ಮಂಚದ ಮೇಲೆ ಅಕ್ಕ ಇತ್ತ ಹೊರಳಿದ್ದಳು.

"ಇರೋದೆಷ್ಟು ಉಂಡೆ?"

"ಹದಿನೆಂಟು."

"ನಿನ್ ಲೆಕ್ಕಕ್ಕೆ ಎಷ್ಟು ಬರತ್ತೆ ಅಗಲ?"

"ಮೂವತ್ತಮೂರು. ಅಕ್ಕಂಗೆ ಮೂವತ್ತಾರು ಬೇಕು."

"ಮೂವತ್ತಾರೂ ಬರತ್ತೆ." ಅಜ್ಜಿ ಚೌಕವನ್ನು ನನ್ನ ತೊಡೆಯ ಮೇಲೆ ಹಾಕಿ ಮತ್ತೆ ಹೂವಿಗೆ ಕೈ ಹಾಕಿದರು. "ಇದು ಹೆದರಿಕೆ ಕೈದು. ಮಗು ಬಂದ್ಮೇಲಲ್ವೇನೇ ನೀನು ಅದನ್ನ ಹೆಣೆಯೋದು? ಆಗ ಮಗು ಪಕ್ಕದಲ್ಲೇ ಕೂತಿರ್ತೀಯ. ಕೈ ತಾನೇ ಸಡಿಲ ಆಗುತ್ತೆ."

ಮಗು ಬಂದ ಮೇಲೆ. 'ದೇವರು ಕೊಟ್ಟರೆ' ಎಂದಾಗಲಿ, 'ಎಲ್ಲ ಸರಿಹೋದರೆ' ಎಂದಾಗಲಿ ಸೇರಿಸದೆ, ನಾಳೆ ಶನಿವಾರ ಎನ್ನುವಷ್ಟು ಸಹಜವಾಗಿ ಅಜ್ಜಿ ಹೇಳಿದ್ದರು. ಆ ಮನೆಯಲ್ಲಿ ಹಾಗೆ ಹೇಳಿದವರಲ್ಲಿ ಅವರೇ ಮೊದಲು.

ಅಕ್ಕ ಕೇಳಿದಳು, "ಅಜ್ಜಿ, ಅಳೆದ್ರೆ ಪರವಾಗಿಲ್ವಾ?"

"ಇವಳು ಲೆಕ್ಕ ನಿಲ್ಸಿದ್ಮೇಲೆ ನೀನು ಊಟಾನೂ ನಿಲ್ಸಿದೀಯಲ್ಲ. ಅಳ್ಕೊಳ್ರಮ್ಮಾ, ಅಳ್ಕೊಳ್ರಿ. ತರ್ಬೇಡಿ ಅಷ್ಟೇ."

ಅಂದು ರಾತ್ರಿ ಊಟಕ್ಕೆ ಅಕ್ಕ ಮುದ್ದೆ ಮುಗಿಸಿ ಅನ್ನಕ್ಕೂ ಕೈ ಚಾಚಿದಳು. ಉಪ್ಪು ಕಡಿಮೆಯ ಸಾರನ್ನು ಬೈಯುತ್ತಲೇ ಉಂಡಳು.

ನಾನು ಮಾತ್ರ ಗೊಂದಲದಲ್ಲಿ ಬಿದ್ದೆ. ಕೈ ಸಡಿಲವಾದರೆ ಅಷ್ಟೇ ಜಾಗಕ್ಕೆ ನೂಲು ಕಡಿಮೆ ಸಾಕು ಎಂಬುದು ಸರಿ. ಆದರೆ ಎಷ್ಟು ಕಡಿಮೆ? ಮೂವತ್ತಾರು ಬರಬೇಕಾದರೆ ನೂರರಲ್ಲಿ ಆರು ಪಾಲು ಉಳಿಯಬೇಕು. ಮುಂದೆ ಬರುವ ಸಂತೋಷವನ್ನು ಈಗಲೇ ತೂಗಲು ಯಾವ ತಕ್ಕಡಿಯೂ ಇಲ್ಲ. ಇನ್ನೊಂದು ಚೌಕವನ್ನು ಸಡಿಲವಾಗಿ ಹೆಣೆದು ನೋಡೋಣವೆಂದು ಕೂತೆ. ಸಡಿಲವಾಗಿ ಹೆಣೆಯಬೇಕು ಎಂದು ಗಮನವಿಟ್ಟಷ್ಟೂ ಅದು ಬಿಗಿಯಾಯಿತು. ಬಿಚ್ಚಿಟ್ಟೆ. ನೋಟ್‌ಬುಕ್ಕಿನಲ್ಲಿ ಮೂವತ್ತಮೂರು ಎಂದಿದ್ದರ ಪಕ್ಕದಲ್ಲಿ ಮೂವತ್ತಾರು ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಲ್ಯಾಬಿನಲ್ಲಿ ಹಾಗೆ ಬರೆದರೆ ವರದಿ ವಾಪಸು ಬರುತ್ತದೆ.

ಮೂರು ವಾರ ಕಳೆದು, ಒಂದು ಗುರುವಾರ ಮಧ್ಯಾಹ್ನ, ಅಮ್ಮನ ಫೋನು ಬಂತು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ." ನಾನು ಲ್ಯಾಬಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಆಮೇಲೆ ಒಳಗೆ ಹೋಗಿ ನಮ್ಮ ಮೇಲಧಿಕಾರಿಗೆ, ಅಕ್ಕನಿಗೆ ಮಗುವಾಗಿದೆ, ನಾಳೆಯೂ ರಜೆ ಬೇಕು ಎಂದೆ. ಅಕ್ಕ ಇದ್ದಾಳೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಹಲಸೂರಿನ ಆಸ್ಪತ್ರೆಯಲ್ಲಿ ಮಗು ಅಜ್ಜಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು. ಮುಖ ಕೆಂಪಗಿತ್ತು, ಹುಬ್ಬು ಗಂಟಿಕ್ಕಿತ್ತು. ನಾನು ಬಾಗಿ ನೋಡುವಾಗ ಅದು ಒಂದು ಕಾಲನ್ನು ಸೀರೆಯಿಂದ ಹೊರಗೆ ಒದೆಯಿತು. ಅಕ್ಕ ಸುಸ್ತಾಗಿದ್ದಳು, ಆದರೂ ನನ್ನನ್ನು ನೋಡಿ ಮೊದಲು ಕೇಳಿದ್ದು:

"ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ?"

"ಹತ್ತೂವರೆಗೆ."

"ಹತ್ತು ಗಂಟೆಗೇ ಹೋಗು," ಎಂದರು ಅಜ್ಜಿ ಮೂಲೆಯ ಕುರ್ಚಿಯಿಂದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಶಿವಾಜಿನಗರದ ಆ ಅಂಗಡಿಯ ಮುಚ್ಚಿದ ಷಟರ್ ಮುಂದೆ ನಿಂತಿದ್ದೆ. ಅಂಗಡಿಯವರು ಬೀಗದ ಕೈ ಹಿಡಿದು ಬಂದು, ನನ್ನ ಮುಖ ನೋಡಿ, ಏನೂ ಕೇಳದೆ "ಮುಬಾರಕ್" ಎಂದರು. ಹದಿನೆಂಟು ಉಂಡೆಯನ್ನೂ ನಾನೇ ಎಣಿಸುವಂತೆ ಮಾಡಿದರು. ಆಟೋ ಹಿಡಿದು ಹಲಸೂರಿಗೆ ಬಂದೆ. ಅಕ್ಕನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಮೊದಲ ಉಂಡೆಯ ತುದಿ ಹುಡುಕಿ, ಹೊದಿಕೆಯ ಅಗಲ ಗೊತ್ತುಮಾಡುವ ಬುಡದ ಸರಪಳಿ ಹೆಣೆಯಲು ಶುರು ಮಾಡಿದೆ. ಮಗು ನಿದ್ದೆ ಮಾಡುತ್ತಿತ್ತು. ಹೊಸದಾಗಿ ಚೌಕ ಹೆಣೆಯಲಿಲ್ಲ, ತೂಗಲಿಲ್ಲ. ನೂಲು ಸಾಲದೆ ಹೋದರೆ ಕೊನೆಯ ಸಾಲುಗಳು ಪಾಚಿ ಬಣ್ಣವಾಗುತ್ತವೆ, ಆಗಲಿ ಎಂದುಕೊಂಡೆ. ಅಕ್ಕ ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತಾ ಇನ್ನೊಂದರಲ್ಲಿ ಟೇಪಿನ ತುದಿ ಹಿಡಿದಿದ್ದಳು. ಸರಪಳಿ ಮೂವತ್ತಮೂರನ್ನು ಮುಟ್ಟಿದಾಗ ಅವಳು ನನ್ನ ಕಡೆ ನೋಡಿದಳು. ನಾನು ನಿಲ್ಲಿಸಲಿಲ್ಲ. ಮೂವತ್ತಾರಕ್ಕೆ ಬಂದು, ತಿರುಗಿಸಿ, ಮೊದಲ ಸಾಲು ಶುರು ಮಾಡಿದೆ.